ಸಣ್ಣ ಜಮೀನಿಗೆ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್: ದುಡ್ಡು ಕೊಡುವ ಮೊದಲು ಏನೇನು ನೋಡಬೇಕು?

ಸಣ್ಣ ಜಮೀನು ನೋಡಿಕೊಳ್ಳುವವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ. "ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೋಬೇಕು ಅಂತಿದ್ದೀನಿ, ಎಷ್ಟು ಎಚ್‌ಪಿ ಇದ್ರೆ ಸಾಕು?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎಚ್‌ಪಿ ಮುಖ್ಯ ಹೌದು. ಆದರೆ ಸಣ್ಣ ಜಮೀನಿನಲ್ಲಿ ಟ್ರ್ಯಾಕ್ಟರ್ ಮಾಡುವ ಹೆಚ್ಚಿನ ಕೆಲಸ ನಡೆಯುವುದು ಅದರ ಹಿಂಭಾಗದಲ್ಲಿ. ಹುಲ್ಲು ಕತ್ತರಿಸುವ ಯಂತ್ರ, ರೋಟವೇಟರ್, ಗುಂಡಿ ತೋಡುವ ಆಗರ್, ಟ್ರೇಲರ್, ಎಲ್ಲವನ್ನೂ ಜೋಡಿಸುವುದು ಅಲ್ಲೇ. ನೋಡಲು ಹೋದವರು ಮಾತ್ರ ಬಾನೆಟ್ ಎತ್ತಿ ಎಂಜಿನ್ ನೋಡಿ, ಬಣ್ಣ ನೋಡಿ, ಮುಂಗಡ ಕೊಟ್ಟು ಬರುತ್ತಾರೆ. ಎಂಜಿನ್‌ನ ಮೇಲಿನ ಭಾಗದ ರಿಪೇರಿ ಟ್ರ್ಯಾಕ್ಟರ್ ನಿಂತಲ್ಲೇ ಆಗುತ್ತದೆ. ಕ್ಲಚ್ಚೋ ಗೇರ್‌ಬಾಕ್ಸಿನ ಒಳಗಿನ ಭಾಗವೋ ಕೆಟ್ಟರೆ ಟ್ರ್ಯಾಕ್ಟರನ್ನು ನಡುವೆ ಬಿಚ್ಚಿ ಎರಡು ಭಾಗ ಮಾಡಬೇಕು. ಸಾಮಾನಿನ ಬೆಲೆಗಿಂತ ಬಿಚ್ಚಿ ಕೂಡಿಸುವ ಕೂಲಿಯೇ ಜಾಸ್ತಿ ಆಗಬಹುದು. ಹಾಗಾಗಿ ಈ ಬರಹದಲ್ಲಿ ಹಿಂಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

1. ಒಂದು ವರ್ಷದ ಕೆಲಸ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಂಡು ನಿಮ್ಮ ಜಮೀನಿನಲ್ಲಿ ವರ್ಷಪೂರ್ತಿ ಟ್ರ್ಯಾಕ್ಟರ್‌ಗೆ ಯಾವ ಯಾವ ಕೆಲಸ ಇದೆ ಅಂತ ಬರೆಯಿರಿ. ಹುಲ್ಲು, ಪೊದೆ ಸವರುವುದು, ಗೊಬ್ಬರ ಸಾಗಿಸುವುದು, ಮಣ್ಣು ಸಡಿಲ ಮಾಡುವುದು, ಕಟ್ಟಿಗೆ ಎಳೆಯುವುದು, ದಾರಿ ಸಮ ಮಾಡುವುದು. ಪ್ರತಿಯೊಂದರ ಪಕ್ಕ ಎಷ್ಟು ಗಂಟೆ ಹಿಡಿಯುತ್ತದೆ ಅಂತಲೂ ಅಂದಾಜು ಬರೆಯಿರಿ. ವಾರಕ್ಕೆ 3 ಗಂಟೆ ಅಂದರೂ ವರ್ಷಕ್ಕೆ ಸುಮಾರು 150 ಗಂಟೆ ಆಯಿತು.

ಪಟ್ಟಿ ಮುಗಿದ ಮೇಲೆ ವರ್ಷಕ್ಕೆ ಒಂದೋ ಎರಡೋ ದಿನ ಮಾತ್ರ ಬರುವ ಭಾರಿ ಕೆಲಸಗಳನ್ನು ಹೊಡೆದುಹಾಕಿ. ಆಳ ಉಳುಮೆ ಸಾಮಾನ್ಯವಾಗಿ ಇಂಥದ್ದು. ಅದನ್ನು ಬಾಡಿಗೆಗೆ ಮಾಡಿಸಿ. ಎರಡು ದಿನದ ಕೆಲಸಕ್ಕಾಗಿ ದೊಡ್ಡ ಟ್ರ್ಯಾಕ್ಟರ್ ತಂದರೆ ಉಳಿದ ದಿನಗಳಲ್ಲಿ ಅದು ಡೀಸೆಲ್ ಕುಡಿಯುತ್ತದೆ, ತಿರುಗಲು ಜಾಗ ಸಾಲುವುದಿಲ್ಲ, ಒದ್ದೆ ನೆಲದಲ್ಲಿ ಮಣ್ಣನ್ನು ಅದುಮಿ ಗಟ್ಟಿ ಮಾಡುತ್ತದೆ.

2. ಟೇಪ್ ಹಿಡಿದು ಜಮೀನು ಸುತ್ತಿ

ಗೇಟಿನ ಅಗಲ, ಶೆಡ್ಡಿನ ಬಾಗಿಲಿನ ಎತ್ತರ, ಗಿಡಗಳ ಸಾಲಿನ ನಡುವಿನ ಅಂತರ, ತೀರಾ ಕೆಳಗೆ ಬಂದಿರುವ ಕೊಂಬೆ, ಇವನ್ನು ಅಳೆದು ಬರೆದಿಡಿ. ಟ್ರ್ಯಾಕ್ಟರ್ ಒಂದೇ ಹೋಗುವುದಿಲ್ಲ, ಹಿಂದೆ ಉಪಕರಣವೂ ಇರುತ್ತದೆ. ಎರಡರ ಉದ್ದವನ್ನೂ ಸೇರಿಸಿ ತಿರುವು ಲೆಕ್ಕ ಹಾಕಿ.

ಇಳಿಜಾರು ಇದ್ದರೆ ಅದನ್ನು ಬೇರೆಯಾಗಿ ಗುರುತು ಮಾಡಿ. ಇಳಿಜಾರಿಗೆ ಎತ್ತರದ, ಕಿರಿದಾದ ಟ್ರ್ಯಾಕ್ಟರ್ ಬೇಡವೇ ಬೇಡ. ತಗ್ಗಾಗಿ, ಅಗಲವಾಗಿ ನಿಲ್ಲುವಂಥದ್ದು ಬೇಕು. ಎಷ್ಟೋ ಮಾದರಿಗಳಲ್ಲಿ ಚಕ್ರಗಳ ನಡುವಿನ ಅಂತರವನ್ನು ಹೆಚ್ಚು ಕಡಿಮೆ ಮಾಡಬಹುದು. ಈ ಸೌಲಭ್ಯ ಇದೆಯಾ ಅಂತ ಕೇಳಿ.

3. ಈಗ ಎಚ್‌ಪಿ

ಜಾಹೀರಾತಿನಲ್ಲಿ ಬರೆಯುವುದು ಎಂಜಿನ್‌ನ ಎಚ್‌ಪಿ. ಹಿಂದಿನ ಯಂತ್ರವನ್ನು ತಿರುಗಿಸಲು ಸಿಗುವ ಶಕ್ತಿ ಅದಕ್ಕಿಂತ ಕಡಿಮೆ, ಸಾಮಾನ್ಯವಾಗಿ ಶೇ. 85ರ ಆಸುಪಾಸು. 40 ಎಚ್‌ಪಿ ಎಂಜಿನ್ ಅಂದರೆ ಹಿಂದೆ ಸಿಗುವುದು ಸುಮಾರು 34. ಇದನ್ನು ಪಿಟಿಒ ಎಚ್‌ಪಿ ಅನ್ನುತ್ತಾರೆ. ಉಪಕರಣದ ಮೇಲೆ ಎಷ್ಟು ಬೇಕು ಅಂತ ಬರೆದಿದ್ದರೆ ಅದನ್ನು ಇದಕ್ಕೆ ಹೋಲಿಸಿ.

ಪೊದೆ, ಹುಲ್ಲು ಸವರುವ ರೋಟರಿ ಮೋವರ್‌ಗೆ ಅಡಿ ಅಗಲಕ್ಕೆ ಸುಮಾರು 5 ಪಿಟಿಒ ಎಚ್‌ಪಿ ಅಂತ ಒಂದು ರೂಢಿಯ ಲೆಕ್ಕ ಇದೆ. 5 ಅಡಿಯ ಯಂತ್ರಕ್ಕೆ 25 ಆಯಿತು. ರೋಟವೇಟರ್ ಇದಕ್ಕಿಂತ ಜಾಸ್ತಿ ಶಕ್ತಿ ಕೇಳುತ್ತದೆ. ಅದೇ 5 ಅಡಿಯ ರೋಟವೇಟರ್‌ಗೆ 35ರಿಂದ 40 ಎಚ್‌ಪಿಯ ಟ್ರ್ಯಾಕ್ಟರ್ ಬೇಕಾಗುತ್ತದೆ. ನಾಲ್ಕೈದು ಎಕರೆಯ ನಿರ್ವಹಣೆಗೆ ನನ್ನ ಅಭಿಪ್ರಾಯದಲ್ಲಿ 25ರಿಂದ 40ರ ಒಳಗಿನ ಟ್ರ್ಯಾಕ್ಟರ್ ಧಾರಾಳ ಸಾಕು. ಬರೀ ಹುಲ್ಲು ಮತ್ತು ಸಣ್ಣ ಟ್ರೇಲರ್ ಅಷ್ಟೇ ಕೆಲಸ ಅಂದರೆ 20ರ ಹತ್ತಿರದ್ದೂ ನಡೆಯುತ್ತದೆ.

ತೂಕವನ್ನೂ ಮರೆಯಬೇಡಿ. ಎಳೆಯುವ ಕೆಲಸದಲ್ಲಿ ಶಕ್ತಿ ಇದ್ದರೂ ತೂಕ ಇಲ್ಲದಿದ್ದರೆ ಚಕ್ರ ಸುಮ್ನೆ ಜಾರುತ್ತದೆ. ಹಿಂದೆ ಭಾರದ ಉಪಕರಣ ಎತ್ತಿದಾಗ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ.

4. ಪಿಟಿಒ ಯಾವ ಬಗೆಯದು ಅಂತ ಖಚಿತ ಮಾಡಿಕೊಳ್ಳಿ

ಪಿಟಿಒ ಅಂದರೆ ಟ್ರ್ಯಾಕ್ಟರ್‌ನ ಹಿಂದೆ ಹೊರಬಂದಿರುವ, ತಿರುಗುವ ಶಾಫ್ಟ್. ಎಂಜಿನ್‌ನ ಶಕ್ತಿ ಉಪಕರಣಕ್ಕೆ ಹೋಗುವುದು ಇದರ ಮೂಲಕ. ಸಾಮಾನ್ಯ ಅಳತೆ 35 ಮಿ.ಮೀ. ದಪ್ಪ, ಉದ್ದಕ್ಕೆ ಕೊರೆದ 6 ಹಲ್ಲು, ನಿಮಿಷಕ್ಕೆ 540 ಸುತ್ತು. ಸಣ್ಣ ಜಮೀನಿನ ಉಪಕರಣಗಳೆಲ್ಲ ಬಹುತೇಕ ಇದಕ್ಕೇ ಹೊಂದುತ್ತವೆ. 21 ಹಲ್ಲಿನದು ನಿಮಿಷಕ್ಕೆ 1,000 ಸುತ್ತಿನದು. ಅದು ದೊಡ್ಡ ಯಂತ್ರಗಳಿಗೆ.

ಇಲ್ಲಿ ತುಂಬಾ ಜನ ಎಡವುವುದು ಕ್ಲಚ್ ವಿಷಯದಲ್ಲಿ. ಮೂರು ಬಗೆ ಇವೆ.

ಮೊದಲನೆಯದು ಒಂದೇ ಕ್ಲಚ್ಚಿನದು. ಪೆಡಲ್ ಒತ್ತಿದರೆ ಚಕ್ರಕ್ಕೂ ಪಿಟಿಒಗೂ ಒಟ್ಟಿಗೇ ಶಕ್ತಿ ನಿಲ್ಲುತ್ತದೆ. ದಟ್ಟ ಹುಲ್ಲು ಬಂತು, ಒಂದು ಕ್ಷಣ ನಿಂತು ಯಂತ್ರ ಅದನ್ನು ಕತ್ತರಿಸಿ ಮುಗಿಸಲಿ ಅಂದರೆ ಆಗುವುದಿಲ್ಲ. ನೀವು ನಿಂತರೆ ಅದೂ ನಿಲ್ಲುತ್ತದೆ. 1939ರಲ್ಲಿ ಬಂದ ಫೋರ್ಡ್ 9ಎನ್, 1946ರಿಂದ 1956ರವರೆಗೆ ತಯಾರಾದ ಫರ್ಗ್ಯುಸನ್ ಟಿಇ20 ಈ ಬಗೆಯವು. ಇವುಗಳಲ್ಲಿ ಹೈಡ್ರಾಲಿಕ್ ಪಂಪ್ ಕೂಡ ಪಿಟಿಒ ಜೊತೆಗೇ ತಿರುಗುತ್ತದೆ. ಕ್ಲಚ್ ಒತ್ತಿದರೆ ಹಿಂದಿನ ಉಪಕರಣ ಎತ್ತುವ ಲಿಫ್ಟ್ ಕೂಡ ಮೇಲೇಳುವುದಿಲ್ಲ.

ಎರಡನೆಯದು ಡ್ಯುಯಲ್ ಕ್ಲಚ್. ಪೆಡಲ್ ಅರ್ಧ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲುತ್ತದೆ, ಪಿಟಿಒ ತಿರುಗುತ್ತಲೇ ಇರುತ್ತದೆ. ಪೂರ್ತಿ ಒತ್ತಿದರೆ ಎರಡೂ ನಿಲ್ಲುತ್ತವೆ. ಸಣ್ಣ ಜಮೀನಿಗೆ ಇದು ಸಾಕು.

ಮೂರನೆಯದು ಇಂಡಿಪೆಂಡೆಂಟ್ ಪಿಟಿಒ. ಇದಕ್ಕೆ ಬೇರೆಯೇ ಕ್ಲಚ್, ಬೇರೆಯೇ ಲಿವರ್ ಅಥವಾ ಸ್ವಿಚ್ ಇರುತ್ತದೆ. ಬಳಸಲು ಎಲ್ಲಕ್ಕಿಂತ ಸುಲಭ. ಬೆಲೆಯೂ ಅದಕ್ಕೆ ತಕ್ಕಂತೆ.

ಒಂದೇ ಕ್ಲಚ್ಚಿನ ಟ್ರ್ಯಾಕ್ಟರ್ ಕೊಳ್ಳಬೇಡಿ ಅಂತ ನಾನು ಹೇಳುವುದಿಲ್ಲ. ಬರೀ ಎಳೆಯುವ ಕೆಲಸಕ್ಕೆ ಅದು ಚೆನ್ನಾಗಿಯೇ ಇರುತ್ತದೆ. ಆದರೆ ಅದಕ್ಕೆ ಮೋವರ್ ಹಾಕುವುದಾದರೆ ಒಂದು ಅಪಾಯ ತಿಳಿದಿರಲಿ. ಮೋವರ್‌ನ ಭಾರವಾದ ಬ್ಲೇಡುಗಳು ಒಮ್ಮೆ ವೇಗ ಹಿಡಿದರೆ ತಕ್ಷಣ ನಿಲ್ಲುವುದಿಲ್ಲ. ನೀವು ಕ್ಲಚ್ ಒತ್ತಿದರೂ ಆ ತಿರುಗುವ ಭಾರವೇ ಪಿಟಿಒ ಮೂಲಕ ಗೇರ್‌ಬಾಕ್ಸನ್ನು ತಿರುಗಿಸಿ ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಬೇಲಿಯ ಹತ್ತಿರವೋ ಹೊಂಡದ ಅಂಚಿನಲ್ಲೋ ಇದಾದರೆ ಏನಾಗಬಹುದು ಯೋಚಿಸಿ. ಓವರ್‌ರನಿಂಗ್ ಕಪ್ಲಿಂಗ್ ಅನ್ನುವ ಸಣ್ಣ ಸಾಮಾನು ಪಿಟಿಒ ಶಾಫ್ಟಿಗೆ ಹಾಕಿದರೆ ಇದು ತಪ್ಪುತ್ತದೆ. ಸೈಕಲ್ಲಿನ ಫ್ರೀ ವೀಲ್ ಇದ್ದ ಹಾಗೆ, ಶಕ್ತಿ ಒಂದೇ ಕಡೆಗೆ ಹೋಗುತ್ತದೆ. ಇದಿಲ್ಲದೆ ಅಂಥ ಟ್ರ್ಯಾಕ್ಟರ್‌ಗೆ ಮೋವರ್ ಕಟ್ಟಬೇಡಿ.

5. ಮೂರು ಕೈ ಜೋಡಣೆ ಮತ್ತು ಲಿಫ್ಟ್

ಹಿಂದೆ ಕೆಳಗೆ ಎರಡು ತೋಳು, ಮೇಲೆ ಒಂದು ಟಾಪ್ ಲಿಂಕ್, ಹೀಗೆ ಮೂರು ಕಡೆ ಉಪಕರಣ ಹಿಡಿದುಕೊಳ್ಳುವ ವ್ಯವಸ್ಥೆಗೆ ತ್ರೀ ಪಾಯಿಂಟ್ ಲಿಂಕೇಜ್ ಅನ್ನುತ್ತಾರೆ. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಈ ಜೋಡಣೆ ಈಗ ಎಲ್ಲ ಕಂಪನಿಗಳ ಟ್ರ್ಯಾಕ್ಟರ್‌ಗಳಲ್ಲೂ ಇದೆ. ಆದರೆ ಅಳತೆ ಒಂದೇ ಅಲ್ಲ. ಕೆಟಗರಿ 1ರಲ್ಲಿ ಕೆಳಗಿನ ಪಿನ್ 22 ಮಿ.ಮೀ., ಮೇಲಿನದು 19 ಮಿ.ಮೀ. ಕೆಟಗರಿ 2ರಲ್ಲಿ ಕೆಳಗಿನದು ಸುಮಾರು 28, ಮೇಲಿನದು ಸುಮಾರು 25. 20ರಿಂದ 45 ಎಚ್‌ಪಿಯ ಟ್ರ್ಯಾಕ್ಟರ್‌ಗಳಲ್ಲಿ ಹೆಚ್ಚಾಗಿ ಕೆಟಗರಿ 1 ಇರುತ್ತದೆ. ತೀರಾ ಚಿಕ್ಕವಕ್ಕೆ ಕೆಟಗರಿ 0. ನಿಮ್ಮ ಹತ್ತಿರ ಆಗಲೇ ಉಪಕರಣ ಇದ್ದರೆ ಅದರ ಪಿನ್ ಅಳೆದುಕೊಂಡು ಹೋಗಿ. ತುಂಬ ಹಳೆಯ ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಈ ಜೋಡಣೆಯೇ ಇರುವುದಿಲ್ಲ. ನೋಡಲು ಚೆಂದ ಇದ್ದರೂ ನಿಮ್ಮ ಕೆಲಸಕ್ಕೆ ಬರುವುದಿಲ್ಲ.

ಲಿಫ್ಟ್ ಪರೀಕ್ಷೆಗೆ ಭಾರದ ಉಪಕರಣ ಬೇಕೇ ಬೇಕು. ಖಾಲಿ ತೋಳು ಎಂಥ ಸವೆದ ಪಂಪಿನಲ್ಲೂ ಮೇಲೇಳುತ್ತದೆ. ಎಂಜಿನ್ ಬಿಸಿಯಾದ ಮೇಲೆ ಇನ್ನೊಮ್ಮೆ ಎತ್ತಿಸಿ, ಯಾಕೆಂದರೆ ಆಯಿಲ್ ತೆಳುವಾದಾಗಲೇ ಸವಕಳಿ ಬಯಲಾಗುವುದು. ಉಪಕರಣ ಮೇಲಿದ್ದಾಗ ಒಂದೇ ಸಮನೆ ನಿಂತಿದೆಯಾ, ಕೆಲವು ಸೆಕೆಂಡಿಗೊಮ್ಮೆ ತಲೆ ಆಡಿಸಿದ ಹಾಗೆ ಇಳಿದು ಏರುತ್ತದೆಯಾ ನೋಡಿ. ಹಾಗೆ ಆಡಿಸಿದರೆ ಒಳಗೆ ಎಲ್ಲೋ ಆಯಿಲ್ ಸೋರುತ್ತಿದೆ ಅಂತ ಅರ್ಥ. ಎಂಜಿನ್ ಆರಿಸಿ ಹತ್ತು ನಿಮಿಷ ಕಾಯಿರಿ. ಹಳೆಯ ಟ್ರ್ಯಾಕ್ಟರ್ ನಿಧಾನವಾಗಿ ಸ್ವಲ್ಪ ಇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದೆರಡು ನಿಮಿಷದಲ್ಲೇ ನೆಲ ಮುಟ್ಟಿದರೆ ರಿಪೇರಿ ಖರ್ಚು ಇದೆ. ಈ ಹೊತ್ತಿನಲ್ಲಿ ಎತ್ತಿದ ಉಪಕರಣದ ಕೆಳಗೆ ಕೈಯನ್ನೋ ಕಾಲನ್ನೋ ಹಾಕಬೇಡಿ.

6. ಬಿಡಿಭಾಗ ಸಿಗುತ್ತಾ ಅಂತ ಮೊದಲೇ ವಿಚಾರಿಸಿ

ಯಾವ ಕಂಪನಿಯದು ಒಳ್ಳೆಯದು ಅಂತ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ನಿಮಗೆ ಹತ್ತಿರದಲ್ಲಿ ಯಾವುದರ ಸಾಮಾನು ಸಿಗುತ್ತದೋ, ಯಾವುದನ್ನು ಬಿಚ್ಚಿ ಗೊತ್ತಿರುವ ಮೆಕ್ಯಾನಿಕ್ ಇದ್ದಾರೋ ಅದು. ಹೋಗುವ ಮೊದಲೇ ಮಾದರಿಯ ಹೆಸರು ಹೇಳಿ ಮೂರು ಸಾಮಾನಿಗೆ ಬೆಲೆ ಕೇಳಿ: ಕ್ಲಚ್ ಪ್ಲೇಟ್, ಹೈಡ್ರಾಲಿಕ್ ಪಂಪ್, ಮುಂದಿನ ಆಕ್ಸಲ್‌ನ ಕಿಂಗ್ ಪಿನ್ ಬುಷ್ (ಮುಂದಿನ ಚಕ್ರ ಎಡಬಲ ತಿರುಗುವ ಪಿನ್ನಿನ ಬುಷ್). ಮೂರೂ ಸಿಗುತ್ತವೆ ಅಂದರೆ ನಿರಾಳ. ಮ್ಯಾಸಿ ಫರ್ಗ್ಯುಸನ್ 35, 135ರಂಥ ಮಾದರಿಗಳು ಲಕ್ಷಗಟ್ಟಲೆ ತಯಾರಾದವು. ದಶಕಗಳು ಕಳೆದರೂ ಅವುಗಳ ಸಾಮಾನು ಬರುತ್ತಲೇ ಇದೆ.

ಜಪಾನ್‌ನ ಒಳಗೆ ಮಾರಾಟವಾಗಿ, ಬಳಕೆಯಾದ ಮೇಲೆ ಬೇರೆ ದೇಶಗಳಿಗೆ ಬರುವ ಕುಬೋಟಾ, ಯಾನ್ಮಾರ್, ಇಸೆಕಿ ಪುಟ್ಟ ಟ್ರ್ಯಾಕ್ಟರ್‌ಗಳ ಬಗ್ಗೆಯೂ ಕೇಳುತ್ತಾರೆ. ಯಂತ್ರ ಚೆನ್ನಾಗಿರುತ್ತದೆ, ಹೆಚ್ಚಿನವಕ್ಕೆ ಫೋರ್ ವೀಲ್ ಡ್ರೈವ್ ಇರುತ್ತದೆ. ಆದರೆ ಅವು ಆ ದೇಶಕ್ಕೆಂದೇ ಮಾಡಿದ ಮಾದರಿಗಳು. ಕಂಪನಿ ಹೆಸರು ಒಂದೇ ಅಂತ ಅದೇ ಕಂಪನಿಯ ಅಂಗಡಿಯಲ್ಲಿ ಸಾಮಾನು ಸಿಕ್ಕೇ ಸಿಗುತ್ತದೆ ಅಂತ ನಂಬಬೇಡಿ. ಸೂಚನೆಗಳೆಲ್ಲ ಜಪಾನಿ ಲಿಪಿಯಲ್ಲಿರುತ್ತವೆ. ಅನೇಕವಕ್ಕೆ ರಕ್ಷಣಾ ಚೌಕಟ್ಟು ಇರುವುದಿಲ್ಲ.

ಫೋರ್ ವೀಲ್ ಡ್ರೈವ್ ಬೇಕಾ? ಕೆಸರು, ಇಳಿಜಾರು, ಮುಂದೆ ಮಣ್ಣು, ಗೊಬ್ಬರ ಎತ್ತುವ ಲೋಡರ್ ಇದ್ದರೆ ಬೇಕು. ಸಮತಟ್ಟಾದ ಒಣ ನೆಲಕ್ಕೆ ಬೇಡ. ತಗೊಂಡರೆ ಟೈರ್ ಅಳತೆ ಕಂಪನಿ ಹೇಳಿದ್ದೇ ಇದೆಯಾ ನೋಡಿ. ಮುಂದಿನ ಮತ್ತು ಹಿಂದಿನ ಟೈರ್‌ಗಳ ಸುತ್ತಳತೆಗೆ ಒಂದಕ್ಕೊಂದು ಲೆಕ್ಕ ಇರುತ್ತದೆ. ಸಿಕ್ಕಿದ ಟೈರ್ ಹಾಕಿ ಓಡಿಸಿದ್ದರೆ ಮುಂದಿನ ಗೇರ್‌ಗಳು ಸವೆದಿರುತ್ತವೆ.

7. ಫೋನಿನಲ್ಲೇ ಕೇಳಬೇಕಾದ್ದು

ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದೀರಿ, ಯಾವ ಕೆಲಸಕ್ಕೆ ಬಳಸುತ್ತಿದ್ದಿರಿ, ಯಾಕೆ ಮಾರುತ್ತಿದ್ದೀರಿ, ಕ್ಲಚ್ ಯಾವಾಗ ಬದಲಿಸಿದ್ದು, ದಾಖಲೆ ನಿಮ್ಮ ಹೆಸರಲ್ಲೇ ಇದೆಯಾ, ಸಾಲ ತೀರಿದೆಯಾ. ಕೊನೆಗೆ ಒಂದು ಮಾತು ತಪ್ಪದೆ ಹೇಳಿ: "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ, ತಣ್ಣಗಿರುವಾಗ ನೋಡಬೇಕು."

ಜೊತೆಗೆ ಟಾರ್ಚ್, ಟೇಪ್, ಬಿಳಿ ಬಟ್ಟೆ, ಹಳೆಯ ಬಟ್ಟೆ ಒಯ್ಯಿರಿ. ಕೆಳಗೆ ಮಲಗಿ ನೋಡಬೇಕಾಗುತ್ತದೆ. ಗೊತ್ತಿರುವ ಮೆಕ್ಯಾನಿಕ್ ಬಂದರೆ ಇನ್ನೂ ಒಳ್ಳೆಯದು.

8. ತಣ್ಣಗಿನ ಸ್ಟಾರ್ಟ್

ಹೋದ ಕೂಡಲೇ ಮಾತಿಗೆ ಮೊದಲು ಎಂಜಿನ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾರೋ ಆಗಲೇ ಸ್ಟಾರ್ಟ್ ಮಾಡಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ. ನಾನು ನನ್ನ ಮೊದಲ ಟ್ರ್ಯಾಕ್ಟರ್ ನೋಡಲು ಹೋದಾಗ ಎಂಜಿನ್ ಬೆಚ್ಚಗಿತ್ತು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಖುಷಿಯಿಂದ ತಂದೆ. ಮರುದಿನ ಬೆಳಿಗ್ಗೆ ಅರ್ಧ ಗಂಟೆ ಒದ್ದಾಡಿದರೂ ಅದು ಹತ್ತಲಿಲ್ಲ. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಅದುಮುವ ಒತ್ತಡ, ಹೋಗಿತ್ತು. ಎಂಜಿನ್ ಇಳಿಸಿ ಕೆಲಸ ಮಾಡಿಸಬೇಕಾಯಿತು.

ಸ್ಟಾರ್ಟ್ ಮಾಡುವ ಮೊದಲು ಮೂರು ಕಡೆ ನೋಡಿ. ರೇಡಿಯೇಟರ್ ಮುಚ್ಚಳ ತೆಗೆಯಿರಿ, ಎಂಜಿನ್ ತಣ್ಣಗಿದ್ದಾಗ ಮಾತ್ರ. ನೀರಿನ ಮೇಲೆ ಎಣ್ಣೆ ಪದರ ಇರಬಾರದು. ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ. ಡೀಸೆಲ್ ಎಂಜಿನ್ ಆಯಿಲ್ ಕಪ್ಪಗಿರುವುದು ಸಹಜ. ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ನೀರು ಸೇರಿದೆ, ಹೆಡ್ ಗ್ಯಾಸ್ಕೆಟ್ ಹೋಗಿರಬಹುದು ಅಥವಾ ಬ್ಲಾಕ್ ಬಿರುಕು ಬಿಟ್ಟಿರಬಹುದು. ಆಯಿಲ್ ಮಟ್ಟ ಗೆರೆ ದಾಟಿ ಮೇಲಿದ್ದು ಡೀಸೆಲ್ ವಾಸನೆ ಬಂದರೂ ಕೇಡಿನ ಲಕ್ಷಣವೇ. ಗೇರ್‌ಬಾಕ್ಸ್ ಆಯಿಲನ್ನೂ ಹೀಗೆಯೇ ನೋಡಿ. ಹೊರಗೆ ಮಳೆಯಲ್ಲಿ ನಿಂತ ಟ್ರ್ಯಾಕ್ಟರ್‌ಗಳಲ್ಲಿ ಗೇರ್ ಲಿವರ್‌ನ ರಬ್ಬರ್ ಹರಿದು ನೀರು ಒಳಗಿಳಿದಿರುತ್ತದೆ.

ಸುತ್ತಮುತ್ತ ಈಥರ್ ಸ್ಪ್ರೇ ಡಬ್ಬ ಬಿದ್ದಿದೆಯಾ ಗಮನಿಸಿ. ಗಾಳಿ ಒಳಹೋಗುವ ದಾರಿಗೆ ಇದನ್ನು ಹೊಡೆದರೆ ಸುಸ್ತಾದ ಎಂಜಿನ್ನೂ ಹತ್ತಿಕೊಳ್ಳುತ್ತದೆ. ದಿನಾ ಇದರ ಮೇಲೆ ಓಡುವ ಎಂಜಿನ್‌ಗೆ ದೊಡ್ಡ ಕೆಲಸ ಕಾದಿದೆ. ಎಂಜಿನ್‌ನಲ್ಲಿ ಹೀಟರ್ ಪ್ಲಗ್ (ತಣ್ಣಗಿನ ಎಂಜಿನ್ ಹತ್ತಲು ಒಳಗೆ ಕಾಯಿಸುವ ಸಾಮಾನು) ಇದ್ದರಂತೂ ಇದು ಅಪಾಯ, ಸಿಡಿಯಬಹುದು.

ಈಗ ಸ್ಟಾರ್ಟ್ ಮಾಡಿಸಿ. ನೀವು ಸೈಲೆನ್ಸರ್ ಕಾಣುವ ಕಡೆ ನಿಂತು ಹೊಗೆ ನೋಡಿ.

ಬಿಳಿ ಹೊಗೆ ಶುರುವಿನಲ್ಲಿ ಬಂದು ಎಂಜಿನ್ ಬೆಚ್ಚಗಾದಂತೆ ನಿಂತರೆ ಪರವಾಗಿಲ್ಲ. ನಿಲ್ಲದಿದ್ದರೆ ಕಂಪ್ರೆಷನ್, ಇಂಜೆಕ್ಟರ್ ಅಥವಾ ಒಳಗೆ ಸೇರುವ ನೀರು ಕಾರಣ. ನೀಲಿ ಹೊಗೆ ಅಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಪಿಸ್ಟನ್ ರಿಂಗೋ ವಾಲ್ವ್ ಗೈಡೋ ಸವೆದಿದೆ. "ಎಂಜಿನ್ ಬೋರ್‌ಗೆ ಬಂದಿದೆ" ಅಂತ ಮೆಕ್ಯಾನಿಕ್‌ಗಳು ಹೇಳುವುದು ಇಂಥ ಸ್ಥಿತಿಗೇ. ಕಪ್ಪು ಹೊಗೆ ಎಂಜಿನ್‌ಗೆ ಭಾರ ಬಿದ್ದಾಗ ಸ್ವಲ್ಪ ಬರುವುದು ಇದ್ದದ್ದೇ. ಸುಮ್ಮನೆ ನಿಂತಾಗಲೂ ಬರುತ್ತಿದ್ದರೆ ಮೊದಲು ಏರ್ ಕ್ಲೀನರ್ ನೋಡಿ. ಅದು ಕಟ್ಟಿಕೊಂಡಿದ್ದರೆ ಅಗ್ಗದಲ್ಲಿ ಮುಗಿಯಿತು, ಇಲ್ಲದಿದ್ದರೆ ಇಂಜೆಕ್ಟರ್, ಪಂಪ್ ಕಡೆಗೆ ಹೋಗಬೇಕು.

ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ನೋಡಿ. ಸಣ್ಣಗೆ ಆವಿ ಬರುವುದು ಸರಿ. ರೈಲಿನ ಹಾಗೆ ಬುಸುಬುಸು ಹೊಗೆ ಉಗುಳಿದರೆ ಸಿಲಿಂಡರಿನ ಒತ್ತಡ ರಿಂಗ್ ದಾಟಿ ಕೆಳಗಿಳಿಯುತ್ತಿದೆ. ಇಪ್ಪತ್ತು ನಿಮಿಷ ಓಡಿದ ಮೇಲೆ ಆಯಿಲ್ ಪ್ರೆಷರ್ ಮುಳ್ಳು ಎಲ್ಲಿದೆ ಅಂತ ಮತ್ತೊಮ್ಮೆ ನೋಡಿ. ತಣ್ಣಗಿದ್ದಾಗ ಚೆನ್ನಾಗಿ ತೋರಿಸಿ, ಬಿಸಿಯಾಗಿ ಸ್ಲೋನಲ್ಲಿ ಓಡುವಾಗ ಸೊನ್ನೆಯ ಹತ್ತಿರ ಬಿದ್ದರೆ ಬೇರಿಂಗ್‌ಗಳು ಸವೆದಿರಬಹುದು.

9. ಸುತ್ತಲೂ, ಕೆಳಗೂ

ಹೊಸ ಬಣ್ಣ ಕಂಡರೆ ಹತ್ತಿರ ಹೋಗಿ ನೋಡಿ. ಗ್ರೀಸ್, ರಬ್ಬರ್ ಪೈಪು, ಕೊಳೆಯ ಮೇಲೆಲ್ಲ ಬಣ್ಣ ಕೂತಿದ್ದರೆ ಅದು ಮಾರಾಟಕ್ಕಾಗಿ ಹೊಡೆದದ್ದು. ಬಣ್ಣ ಮಾಸಿದ್ದರೂ ಗ್ರೀಸ್ ನಿಪ್ಪಲ್‌ಗಳಲ್ಲಿ ತಾಜಾ ಗ್ರೀಸ್ ಇರುವ ಟ್ರ್ಯಾಕ್ಟರ್ ನನಗೆ ಹೆಚ್ಚು ಇಷ್ಟ.

ಗಂಟೆ ಮೀಟರನ್ನು ಒಂದು ಸುಳಿವು ಅಂತ ಮಾತ್ರ ತಗೊಳ್ಳಿ. ಹಳೆಯ ಮೀಟರ್‌ಗಳು ಎಂಜಿನ್ ವೇಗಕ್ಕೆ ತಕ್ಕಂತೆ ಎಣಿಸುತ್ತವೆ. ನಿಧಾನವಾಗಿ ಓಡಿಸಿದರೆ ಒಂದು ಗಂಟೆಗೆ ಒಂದು ಗಂಟೆ ಪೂರ್ತಿ ಏರುವುದಿಲ್ಲ. ಕೇಬಲ್ ತುಂಡಾಗಿ ವರ್ಷಗಟ್ಟಲೆ ನಿಂತಿರುವುದೂ ಉಂಟು. ಅದರ ಬದಲು ಕ್ಲಚ್, ಬ್ರೇಕ್ ಪೆಡಲ್ ಸವೆದು ನುಣ್ಣಗಾಗಿವೆಯಾ, ಲಿಂಕೇಜ್ ತೂತುಗಳು ಅಂಡಾಕಾರ ಆಗಿವೆಯಾ, ಸೀಟಿನ ಕೆಳಗೆ ಬಿರುಕು ಇದೆಯಾ ನೋಡಿ. ಮೀಟರ್ 1,000 ಗಂಟೆ ತೋರಿಸುತ್ತಿದ್ದು ಪೆಡಲ್ ಬರಿಗಬ್ಬಿಣ ಆಗಿದ್ದರೆ ಪೆಡಲ್ಲನ್ನೇ ನಂಬಿ.

ಮುಂದಿನ ಚಕ್ರಗಳನ್ನು ಜಾಕ್ ಮೇಲೆ ಎತ್ತಿಸಿ. ಚಕ್ರದ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಕಿಂಗ್ ಪಿನ್ ಬುಷ್ ಅಥವಾ ಬೇರಿಂಗ್ ಹೋಗಿದೆ. ಲೋಡರ್ ಹಾಕಿ ದುಡಿಸಿದ ಟ್ರ್ಯಾಕ್ಟರ್‌ಗಳಲ್ಲಿ ಇದು ತೀರಾ ಸಾಮಾನ್ಯ. ಅಂಥವುಗಳ ಮುಂದಿನ ಆಕ್ಸಲ್‌ನಲ್ಲಿ ಬೆಸುಗೆ ಹಾಕಿದ ಗುರುತನ್ನೂ ಹುಡುಕಿ.

ಕೆಳಗೆ ಮಲಗಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂಡುವ ಜಾಗ ನೋಡಿ. ಅನೇಕ ಟ್ರ್ಯಾಕ್ಟರ್‌ಗಳಲ್ಲಿ ಅಲ್ಲಿ ತಳದಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ಆಯಿಲ್ ತೊಟ್ಟಿಕ್ಕುತ್ತಿದ್ದರೆ ಎಂಜಿನ್‌ನ ಹಿಂದಿನ ಸೀಲ್ ಅಥವಾ ಗೇರ್‌ಬಾಕ್ಸಿನ ಮುಂದಿನ ಸೀಲ್ ಹೋಗಿದೆ. ಸೀಲ್ ಅಗ್ಗ. ಆದರೆ ಅದನ್ನು ಹಾಕಲು ಟ್ರ್ಯಾಕ್ಟರನ್ನು ನಡುವೆ ಬಿಚ್ಚಲೇಬೇಕು.

ಹಿಂದಿನ ಟೈರ್‌ಗಳು ತುಂಬಾ ದುಬಾರಿ. ಗುಬ್ಬಿ, ಅಂದರೆ ಮಣ್ಣು ಹಿಡಿಯುವ ಉಬ್ಬು, ಎಷ್ಟು ಉಳಿದಿದೆ ಅಂತ ನೋಡಿದರೆ ಸಾಲದು, ಪಕ್ಕದ ಗೋಡೆಯ ಬಿರುಕೂ ನೋಡಬೇಕು. ತಯಾರಾದ ವಾರ, ವರ್ಷ 4 ಅಂಕಿಯಲ್ಲಿ ಅಚ್ಚಾಗಿರುತ್ತದೆ. 2314 ಅಂದರೆ 2014ನೇ ಇಸವಿಯ 23ನೇ ವಾರ. ತೂಕಕ್ಕಾಗಿ ಟೈರ್ ಒಳಗೆ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ತುಂಬಿದ್ದರೆ ಅದು ಸೋರಿ ರಿಮ್ ತಿಂದುಹಾಕುತ್ತದೆ. ವಾಲ್ವ್ ಸುತ್ತ ತುಕ್ಕು ಇದ್ದರೆ ಅನುಮಾನ ಪಡಿ.

10. ಓಡಿಸಿ ನೋಡಿ

ಎಲ್ಲ ಗೇರ್, ರಿವರ್ಸ್ ಸೇರಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟಾಗ ಗೇರ್ ತಾನಾಗಿ ಜಿಗಿದು ನ್ಯೂಟ್ರಲ್‌ಗೆ ಬಂದರೆ ಆ ಟ್ರ್ಯಾಕ್ಟರ್ ಬೇಡ.

ಕ್ಲಚ್ ಪರೀಕ್ಷೆಗೆ ಹಿಂದೆ ಭಾರ ಕಟ್ಟಿ ಮೇಲಿನ ಗೇರ್‌ನಲ್ಲಿ ನಿಧಾನವಾಗಿ ಬಿಡಿ. ಎಂಜಿನ್ ಕೂಗಿ ಟ್ರ್ಯಾಕ್ಟರ್ ಮುಂದೆ ಹೋಗದಿದ್ದರೆ ಪ್ಲೇಟ್ ಮುಗಿದಿದೆ. ಪಿಟಿಒ ಕೂಡ ಭಾರ ಕೊಟ್ಟೇ ನೋಡಿ, ಅಂದರೆ ಮೋವರ್ ಅಥವಾ ರೋಟವೇಟರ್ ಹಾಕಿ ನೆಲದಲ್ಲಿ ಕೆಲಸ ಮಾಡಿಸಿ. ಉಪಕರಣ ಇಲ್ಲ ಅಂದರೆ ತರಿಸಲು ಕೇಳಿ. ಇಷ್ಟು ಕೇಳಲು ಸಂಕೋಚ ಬೇಡ.

ಬ್ರೇಕ್ ಪೆಡಲ್ ಹಿಂದಿನ ಎಡ ಚಕ್ರಕ್ಕೊಂದು ಬಲ ಚಕ್ರಕ್ಕೊಂದು ಇರುತ್ತದೆ. ಒಂದೊಂದನ್ನೇ ಬೇರೆಯಾಗಿ ಒತ್ತಿ ನೋಡಿ. ಒಂದು ಹಿಡಿದು ಇನ್ನೊಂದು ಹಿಡಿಯದಿದ್ದರೆ ಆ ಕಡೆಯ ಸೀಲ್ ಸೋರಿ ಬ್ರೇಕ್‌ಗೆ ಆಯಿಲ್ ತಾಗಿರಬಹುದು. ಎರಡನ್ನೂ ಸೇರಿಸುವ ಕೊಂಡಿ ಇದೆಯಾ ಅಂತಲೂ ನೋಡಿ. ರಸ್ತೆಯಲ್ಲಿ ಅದನ್ನು ಹಾಕದೆ ಓಡಿಸಿದರೆ ಒಂದೇ ಚಕ್ರ ನಿಂತು ಟ್ರ್ಯಾಕ್ಟರ್ ಗಿರ್ರನೆ ತಿರುಗುತ್ತದೆ.

11. ಜೀವ ಉಳಿಸುವ ಎರಡು ಸಾಮಾನು

ಬೆಲೆ ಮಾತಾಡುವ ಮೊದಲು ಇವೆರಡು ಇವೆಯಾ ನೋಡಿ.

ಒಂದು, ಸೀಟಿನ ಹಿಂದಿನ ಉಕ್ಕಿನ ರಕ್ಷಣಾ ಚೌಕಟ್ಟು, ಅಂದರೆ ರೋಲ್ ಬಾರ್. ಟ್ರ್ಯಾಕ್ಟರ್ ಮಗುಚಿದಾಗ ಓಡಿಸುವವರು ಅಡಿಗೆ ಸಿಕ್ಕಿಕೊಳ್ಳದಂತೆ ಇದು ತಡೆಯುತ್ತದೆ. ಹೊಸ ಟ್ರ್ಯಾಕ್ಟರ್‌ಗಳಿಗೆಲ್ಲ ಇದು ಇರಲೇಬೇಕು ಅಂತ ಮೊದಲು ಕಾನೂನು ಮಾಡಿದ್ದು ಸ್ವೀಡನ್, 1959ರಲ್ಲಿ. ಅದಕ್ಕೂ ಹಿಂದಿನ ಟ್ರ್ಯಾಕ್ಟರ್‌ಗಳಿಗೆ ಸಾಮಾನ್ಯವಾಗಿ ಇರುವುದಿಲ್ಲ, ನಂತರದ ಎಷ್ಟೋ ಮಾದರಿಗಳಿಗೂ ಇಲ್ಲ. ಹಾಕಿಸಲು ಆಗುತ್ತದೆಯಾ ಅಂತ ವಿಚಾರಿಸಿ. ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಗ್ಗಿಸಿ ಮಾಡಿಸಬೇಡಿ. ಆ ಮಾದರಿಗೆ ಪರೀಕ್ಷೆ ಮಾಡಿ ತಯಾರಿಸಿದ್ದೇ ಬೇಕು. ಚೌಕಟ್ಟು ಇದ್ದರೆ ಸೀಟ್ ಬೆಲ್ಟ್ ಕೂಡ ಹಾಕಲೇಬೇಕು, ಇಲ್ಲದಿದ್ದರೆ ಮಗುಚುವಾಗ ನೀವು ಚೌಕಟ್ಟಿನಿಂದ ಹೊರಗೆ ಬೀಳುತ್ತೀರಿ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಎರಡು ಸೆಕೆಂಡು ಕೂಡ ಬೇಡ. ಎಳೆಯುವ ಭಾರವನ್ನು ಡ್ರಾಬಾರ್‌ಗೆ, ಅಂದರೆ ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೆ ಮಾತ್ರ ಕಟ್ಟಿ. ಟಾಪ್ ಲಿಂಕ್‌ಗೋ ಆಕ್ಸಲ್‌ಗೋ ಸರಪಳಿ ಕಟ್ಟಿ ಮರದ ಬೊಡ್ಡೆ ಎಳೆಯಲು ಹೋದವರು ಹೀಗೆಯೇ ಸಿಕ್ಕಿಕೊಳ್ಳುವುದು.

ಎರಡು, ಪಿಟಿಒ ಮೇಲಿನ ಕವಚ. 540 ಸುತ್ತು ಅಂದರೆ ಸೆಕೆಂಡಿಗೆ 9 ಸುತ್ತು. ಬಟ್ಟೆಯ ಒಂದು ತುದಿ ಸಿಕ್ಕಿದರೆ ಕೈ ಎಳೆದುಕೊಳ್ಳಲು ಸಮಯವೇ ಇರುವುದಿಲ್ಲ. ಕವಚ ಕಿತ್ತುಹೋಗಿದ್ದರೆ ಹೊಸದು ಹಾಕಿಸಿದ ಮೇಲೆಯೇ ಬಳಸಿ.

12. ಕಾಗದ ಮತ್ತು ಬೆಲೆ

ಚಾಸಿಸ್ ಮತ್ತು ಎಂಜಿನ್ ಮೇಲೆ ಅಚ್ಚಾದ ನಂಬರ್ ದಾಖಲೆಯ ನಂಬರಿಗೆ ಅಕ್ಷರ ಅಕ್ಷರ ಹೊಂದಬೇಕು. ನಂಬರ್ ಇರುವ ಜಾಗ ಉಜ್ಜಿದಂತೆ ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ. ಮಾರುವವರ ಗುರುತು, ಸಾಲ ತೀರಿದ ಪತ್ರ, ಸಹಿ ಹಾಕಿದ ರಸೀದಿ ಇಲ್ಲದೆ ಪೂರ್ತಿ ಹಣ ಕೊಡಬೇಡಿ.

ಬೆಲೆ ಮಾತಾಡುವಾಗ "ಸ್ವಲ್ಪ ಕಮ್ಮಿ ಮಾಡಿ" ಅನ್ನುವುದಕ್ಕಿಂತ ನೀವು ಕಂಡ ದೋಷಗಳ ಪಟ್ಟಿ, ಒಂದೊಂದರ ಸಾಮಾನು ಮತ್ತು ಕೂಲಿ ಹಿಡಿದು ಮಾತಾಡಿ. ಜೊತೆಗೆ ಉಪಕರಣ ಕೊಡುತ್ತಾರಾ ಕೇಳಿ. ಮೋವರ್ ಒಂದು ಸೇರಿಕೊಂಡರೆ ಟ್ರ್ಯಾಕ್ಟರ್‌ಗೆ ಸ್ವಲ್ಪ ಜಾಸ್ತಿ ಕೊಟ್ಟರೂ ನಷ್ಟ ಇಲ್ಲ.

13. ಮನೆಗೆ ತಂದ ಮೇಲೆ ಮೊದಲ ವಾರ

ಹಳಬರು ಈಗಷ್ಟೇ ಬದಲಿಸಿದ್ದೇವೆ ಅಂದರೂ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಕ್ಲೀನರ್, ರೇಡಿಯೇಟರ್ ದ್ರಾವಣ ಎಲ್ಲ ಹೊಸದು ಮಾಡಿ. ಹಳೆಯ ಆಯಿಲ್ ಇಳಿಸುವಾಗ ಬಿಳಿ ಬಟ್ಟೆಯಲ್ಲಿ ಸೋಸಿ. ಲೋಹದ ಚೂರು ಬೆರಳಿಗೆ ಸಿಕ್ಕರೆ ಮೆಕ್ಯಾನಿಕ್‌ಗೆ ತೋರಿಸಿ. ಬಹಳಷ್ಟು ಟ್ರ್ಯಾಕ್ಟರ್‌ಗಳಲ್ಲಿ ಗೇರ್‌ಬಾಕ್ಸಿಗೂ ಹೈಡ್ರಾಲಿಕ್‌ಗೂ ಒಂದೇ ಆಯಿಲ್, ಹತ್ತಾರು ಲೀಟರ್ ಹಿಡಿಯುತ್ತದೆ. ಈ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಇಟ್ಟುಕೊಳ್ಳಿ, ಪುಸ್ತಕದಲ್ಲಿ ಹೇಳಿದ ಬಗೆಯದ್ದನ್ನೇ ಹಾಕಿ. ಎಲ್ಲ ನಿಪ್ಪಲ್‌ಗೂ ಗ್ರೀಸ್ ತುಂಬಿ, ಚಕ್ರದ ನಟ್ ಬಿಗಿ ಮಾಡಿ. ಗಂಟೆ ಮೀಟರ್ ಆ ದಿನ ಎಷ್ಟು ತೋರಿಸುತ್ತಿದೆ ಅಂತ ತಾರೀಕಿನ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೊದಲ ಹತ್ತು ಗಂಟೆ ಹಗುರ ಕೆಲಸ ಮಾತ್ರ ಮಾಡಿಸಿ. ದಿನಾ ಸಂಜೆ ಟ್ರ್ಯಾಕ್ಟರ್ ಕೆಳಗೆ ಒಂದು ರಟ್ಟು ಹಾಸಿ, ಬೆಳಿಗ್ಗೆ ಎಲ್ಲೆಲ್ಲಿ ಹನಿ ಬಿದ್ದಿದೆ ಅಂತ ನೋಡಿ ಅದನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ.